ಪದಚರ್ಚೆ: 'ಇನ್‌ಕ್ಲೂಷನ್'ಗೆ ಏನನ್ನೋಣ? ಜೊತೆಗೆ 'ದತ್ತು' ಬಗ್ಗೆ ಒಂದು ತಕರಾರು

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ನಾಲ್ಕೈದಾದವು. ಉದ್ದವಾಯಿತು ಅಂತ ಬೈಯಬೇಡಿ.

ನಾನು ಒಂದು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡುತ್ತೇನೆ. ಬರುವ ತಿಂಗಳು ನಮ್ಮ ಅಧ್ಯಾಪಕರಿಗೇ ಅಂತ ಒಂದು ಮಧ್ಯಾಹ್ನದ ಚರ್ಚೆ ಇಟ್ಟುಕೊಂಡಿದ್ದೇವೆ. ವಿಷಯ 'ಪಬ್ಲಿಕ್ ಹೆಲ್ತ್ ಅಂಡ್ ಇನ್‌ಕ್ಲೂಷನ್', ಅಂದರೆ ಜನರ ಆರೋಗ್ಯ ಮತ್ತು ಅದರಲ್ಲಿ ಯಾರನ್ನೂ ಹೊರಗಿಡದೆ ಎಲ್ಲರಿಗೂ ಜಾಗ ಇರುವುದು. ಇಂಥವು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಶುರುವಾಗಿ ಇಂಗ್ಲಿಷಿನಲ್ಲೇ ಮುಗಿಯುತ್ತವೆ. ಸಮೋಸ ತಿನ್ನುವಾಗ ಮಾತ್ರ ಕನ್ನಡ. ಈ ಸಲ ಹಾಗೆ ಮಾಡುವಂತಿಲ್ಲ. ಇಬ್ಬರು ಆಶಾ ಕಾರ್ಯಕರ್ತೆಯರು, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು, ಕಿವಿ ಕೇಳದ ಮಗುವಿನ ತಾಯಿ ಒಬ್ಬರು ಬಂದು ಮಾತಾಡಲಿದ್ದಾರೆ. ಹಾಗಾಗಿ ಆಮಂತ್ರಣ, ಬ್ಯಾನರು, ಎರಡು ಪುಟದ ಟಿಪ್ಪಣಿ ಎಲ್ಲವೂ ಕನ್ನಡದಲ್ಲಿ ಆಗಬೇಕು. ಬರೆಯುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಕರಡಿನಲ್ಲಿ 'ಒಳಗೊಳ್ಳುವಿಕೆ' ಅಂತ ಹಾಕಿದೆ. ಪತ್ರಿಕೆಗಳಲ್ಲಿ, ಸರ್ಕಾರಿ ಕಾಗದಗಳಲ್ಲಿ ಓಡಾಡುತ್ತಿರುವ ಪದವೇ. ನಮ್ಮ ವಿಭಾಗದ ಅಟೆಂಡರ್ ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದವರು ಒಮ್ಮೆ ಓದಿ ಕೇಳಿದರು: "ಮೇಡಂ, ಒಳಗೊಳ್ಳುವಿಕೆ ಅಂದ್ರೆ ಅಡ್ಮಿಷನ್ನಾ?" ನಗು ಬಂತು. ಆಮೇಲೆ ಯೋಚಿಸಿದರೆ ಅವರ ತಪ್ಪೇನೂ ಇಲ್ಲ. ಅವರು ದಿನಾ ನೋಡುವ ಬೋರ್ಡು 'ಹೊರರೋಗಿ ವಿಭಾಗ', 'ಒಳರೋಗಿ ವಿಭಾಗ'. ಆಸ್ಪತ್ರೆಯಲ್ಲಿ 'ಒಳಗೆ' ಅಂದರೆ ಹಾಸಿಗೆ ಸಿಕ್ಕಿತು ಅಂತಲೇ ಅರ್ಥ.

ನನ್ನ ತಕರಾರು ಬೇರೆ. 'ಒಳಗೊಳ್ಳು' ಕ್ರಿಯಾಪದವನ್ನು ನಾವು ಯಾವುದಕ್ಕೆ ಬಳಸುತ್ತೇವೆ? 'ಈ ಪುಸ್ತಕ ಹತ್ತು ಅಧ್ಯಾಯಗಳನ್ನು ಒಳಗೊಂಡಿದೆ.' 'ತಂಡ ಆರು ಜನರನ್ನು ಒಳಗೊಂಡಿದೆ.' ಅಂದರೆ ಡಬ್ಬಿ ಮತ್ತು ಡಬ್ಬಿಯೊಳಗಿನ ಸಾಮಾನು. ಸಾಮಾನಿಗೆ ಅಲ್ಲಿ ಮಾತಿಲ್ಲ.

'ಸೇರಿಸಿಕೊಳ್ಳುವುದು' ಅಂದರೆ? ಇದು ಮನೆಮಾತಿನ ಪದ, ಎಲ್ಲರಿಗೂ ತಿಳಿಯುತ್ತದೆ. ಆದರೆ ಇದರ ಜೊತೆ ಒಬ್ಬ ಯಜಮಾನ ಬಂದೇ ಬರುತ್ತಾನೆ. 'ಸೇರು' ಅಂದರೆ ನಾನೇ ಹೋಗಿ ಸೇರುವುದು. 'ಸೇರಿಸಿಕೊ' ಅಂದರೆ ಬಾಗಿಲಲ್ಲಿ ನಿಂತವರು ಮನಸ್ಸು ಮಾಡಬೇಕು. 'ಅವರನ್ನ ಹತ್ತಿರ ಸೇರಿಸಲ್ಲ' ಅನ್ನುವ ಮಾತು ನಮ್ಮೂರುಗಳಲ್ಲಿ ಯಾರು ಯಾರ ಬಗ್ಗೆ ಆಡುತ್ತಾ ಬಂದಿದ್ದಾರೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹಿಂದಿಯ ದಾರಿ ಹಿಡಿದು 'ಸಮಾವೇಶ' ಅಂದರೆ ಪೂರಾ ಎಡವಟ್ಟು. ನಮ್ಮಲ್ಲಿ ಸಮಾವೇಶ ಅಂದರೆ ಶಾಮಿಯಾನ, ಬಸ್ಸು, ಊಟದ ಪೊಟ್ಟಣ. ಶಾಲೆಗಳ ಕಡೆ 'ಸಮನ್ವಯ ಶಿಕ್ಷಣ' ಅನ್ನುತ್ತಾರೆ, ವಿಶೇಷ ಅಗತ್ಯದ ಮಕ್ಕಳು ಎಲ್ಲರ ಜೊತೆ ಒಂದೇ ಶಾಲೆಯಲ್ಲಿ ಕಲಿಯುವುದಕ್ಕೆ. ಅಲ್ಲಿ ಅದು ಬೇರು ಬಿಟ್ಟಿದೆ, ನನಗೆ ಇಷ್ಟವೂ ಹೌದು. ಆದರೆ ನಮ್ಮ ಇಲಾಖೆಗಳಲ್ಲಿ 'ಸಮನ್ವಯ ಸಮಿತಿ' ಅಂದರೆ ನಾಲ್ಕು ಅಧಿಕಾರಿಗಳು ಟೀ ಕುಡಿಯುವ ಸಭೆ. 'ಸಮನ್ವಯ ಆರೋಗ್ಯ' ಅಂದರೆ ಯಾರಿಗೂ ಏನೂ ಹೊಳೆಯಲಿಕ್ಕಿಲ್ಲ.

ತಮಾಷೆ ಏನೆಂದರೆ, ಇದರ ಎದುರಿನ ಕೆಲಸಕ್ಕೆ ಕನ್ನಡದಲ್ಲಿ ಪದಗಳಿಗೆ ಬರವೇ ಇಲ್ಲ. ಹೊರಗಿಡು, ದೂರ ಇಡು, ಮೂಲೆಗೆ ತಳ್ಳು, ಬಹಿಷ್ಕಾರ ಹಾಕು. ಮುಟ್ಟಾದರೆ 'ಹೊರಗಾಗಿದ್ದಾಳೆ', 'ಹೊರಗೆ ಕೂತಿದ್ದಾಳೆ'. ಒಳಗೆ ಕರೆಯುವುದಕ್ಕೆ ಮಾತ್ರ ಪದಕೋಶ ತೆಗೆಯಬೇಕಾಗಿದೆ.

ಈಗ 'ದತ್ತು' ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳಿಂದ ಎಂಬಿಬಿಎಸ್ ಪಠ್ಯದಲ್ಲಿ 'ಫ್ಯಾಮಿಲಿ ಅಡಾಪ್ಷನ್ ಪ್ರೋಗ್ರಾಂ' ಇದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದದ್ದು. ಮೊದಲ ವರ್ಷದಿಂದಲೇ ಒಬ್ಬೊಬ್ಬ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಮನೆಗಳನ್ನು ಹಂಚುತ್ತೇವೆ. ಅವರು ಆಗಾಗ ಹೋಗಿ ಬಿಪಿ ನೋಡಬೇಕು, ರಕ್ತ ಕಡಿಮೆ ಇದ್ದವರನ್ನು ಗುರುತಿಸಬೇಕು, ನೀರು, ಅಡುಗೆ, ಶೌಚಾಲಯ ಎಲ್ಲ ನೋಡಿ ಬರೆದುಕೊಳ್ಳಬೇಕು, ಮನೆಯವರ ಜೊತೆ ಬೆರೆಯಬೇಕು. ಒಳ್ಳೆಯ ಯೋಜನೆ. ಕನ್ನಡದಲ್ಲಿ ಇದು 'ಕುಟುಂಬ ದತ್ತು ಕಾರ್ಯಕ್ರಮ' ಆಯಿತು.

ಹೋದ ವರ್ಷ ಒಂದು ಮನೆಯ ಜಗುಲಿಯಲ್ಲಿ ಕೂತಿದ್ದೆವು. ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಮ್ಮ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಬಿಳಿ ಕೋಟು ಸರಿಮಾಡಿಕೊಂಡು ಕಲಿತ ಪಾಠ ಒಪ್ಪಿಸಿದ: "ಅಜ್ಜಿ, ನಿಮ್ಮ ಕುಟುಂಬವನ್ನು ನಾನು ದತ್ತು ತೆಗೆದುಕೊಂಡಿದ್ದೇನೆ." ಅಜ್ಜಿ ಕೈ ನಿಲ್ಲಿಸಲಿಲ್ಲ. "ಹೌದೇನಪ್ಪಾ? ಹಂಗಾದ್ರೆ ನಿಮ್ಮಪ್ಪನ ಆಸ್ತೀಲಿ ನಮಗೂ ಪಾಲು ಬರ್ತದಾ?" ಅಂದರು. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹುಡುಗ ನನ್ನ ಮುಖ ನೋಡಿದ. ಅಜ್ಜಿ ಬಿಡಲಿಲ್ಲ: "ಅಲ್ಲ, ನಮ್ಮನ್ನ ದತ್ತು ಕೊಟ್ಟೋರು ಯಾರು ಅಂತ?"

ಸಂಸ್ಕೃತದಲ್ಲಿ 'ದತ್ತ' ಅಂದರೆ ಕೊಟ್ಟದ್ದು. ಕೊಡುವವರಿಲ್ಲದೆ ದತ್ತು ಇಲ್ಲ. ಅಜ್ಜಿ ನಿಘಂಟು ನೋಡದೆ ನೇರವಾಗಿ ಬೇರಿಗೇ ಕೈಹಾಕಿದ್ದರು! ಬ್ಯಾಂಕಿನವರು ಹಳ್ಳಿ ದತ್ತು ತೆಗೆದುಕೊಳ್ಳುತ್ತಾರೆ, ಶಾಸಕರು ಶಾಲೆ ದತ್ತು ತೆಗೆದುಕೊಳ್ಳುತ್ತಾರೆ, ಅಲ್ಲೆಲ್ಲ ಹೇಗೋ ನಡೆದುಹೋಗುತ್ತದೆ. ಮೊಮ್ಮಕ್ಕಳನ್ನು ಕಂಡ ಅಜ್ಜಿಯನ್ನು ಮೊನ್ನೆ ಪಿಯುಸಿ ಮುಗಿಸಿದ ಹುಡುಗ ದತ್ತು ತೆಗೆದುಕೊಳ್ಳುವುದು ಮಾತ್ರ ಕಿವಿಗೆ ಕೂರುವುದಿಲ್ಲ. ಕಲಿಯಲಿಕ್ಕೆ ಬಂದವನು ಅವನು. ದತ್ತು ತೆಗೆದುಕೊಂಡವರು ಯಾರಾದರೂ ಇದ್ದರೆ ಆ ಅಜ್ಜಿಯೇ. ಅವನಿಗೆ ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಾರೆ.

ಇದಕ್ಕೆ ನನಗೆ ಹೊಳೆದದ್ದು 'ವರ್ತನೆ ಮನೆ'. ಹಳೇ ಮೈಸೂರು ಕಡೆಯವರಿಗೆ ನೆನಪಿರಬಹುದು, ದಿನಾ ಹಾಲು ಮೊಸರು ಹಾಕುವವರಿಗೆ 'ವರ್ತನೆಯವರು' ಅನ್ನುತ್ತಿದ್ದರು. ತಪ್ಪದೆ ಬರುವುದು, ಲೆಕ್ಕ ಇಡುವುದು, ಮನೆಯ ಕಷ್ಟಸುಖ ಗೊತ್ತಿರುವುದು, ಎಲ್ಲ ಅದರಲ್ಲಿತ್ತು. ಸಹೋದ್ಯೋಗಿಗಳಿಗೆ ಹೇಳಿದೆ. ಮನಃಶಾಸ್ತ್ರ ವಿಭಾಗದವರು ತಕ್ಷಣ 'ಬಿಹೇವಿಯರ್ ಬಗ್ಗೆನಾ?' ಅಂದರು. ಅಲ್ಲಿಗೆ ಅದು ಮುಗಿಯಿತು. ಈಗ ಕೈಯಲ್ಲಿರುವುದು 'ಕುಟುಂಬ ಒಡನಾಟ'. ಸ್ವಲ್ಪ ಸಪ್ಪೆ. ಇದಕ್ಕಿಂತ ಜೀವ ಇರುವ ಪದ ನಿಮ್ಮ ಕಡೆ ಇದ್ದರೆ ಕೊಡಿ.

ಸಣ್ಣಪುಟ್ಟವು ಕೆಲವು. 'ಫ್ಯಾಕಲ್ಟಿ ಡೆವಲಪ್‌ಮೆಂಟ್' ಅಂದರೆ 'ಅಧ್ಯಾಪಕರ ಅಭಿವೃದ್ಧಿ' ಅಂತ ಯಾರೋ ಬರೆದಿದ್ದರು. ನಿಗಮ ಮಂಡಳಿಯ ಹೆಸರಿನಂತಿದೆ, ಚರಂಡಿ ಮಾಡಿಸಿಕೊಡುತ್ತಾರೇನೋ ಅನಿಸುತ್ತದೆ. 'ಪುನಶ್ಚೇತನ' ಅಂದರೆ ನಮ್ಮ ಹಿರಿಯ ಪ್ರೊಫೆಸರ್ ಒಬ್ಬರು, "ನನ್ನ ಎದೆ ಇನ್ನೂ ಬಡಿತಾ ಇದೆಯಮ್ಮಾ" ಅಂದರು. ಸುಮ್ನೆ 'ಅಧ್ಯಾಪಕರ ಕಲಿಕೆ' ಅಂತ ಇಟ್ಟಿದ್ದೇನೆ. 'ಸಾರ್ವಜನಿಕ ಆರೋಗ್ಯ' ಅಂದರೆ ವಿದ್ಯಾರ್ಥಿಗಳು ಸರ್ಕಾರಿ ಆಸ್ಪತ್ರೆಯ ಔಷಧಿ ಅಂದುಕೊಳ್ಳುತ್ತಾರೆ, ತಾಲ್ಲೂಕು ಆಸ್ಪತ್ರೆಯ ಮೇಲೆ 'ಸಾರ್ವಜನಿಕ ಆಸ್ಪತ್ರೆ' ಅಂತ ಇರುತ್ತದಲ್ಲ. 'ಜನಾರೋಗ್ಯ' ಚೆನ್ನಾಗಿದೆ, ಚಿಕ್ಕದಾಗಿದೆ. ಬ್ಯಾನರಿಗೆ ಅದೇ.

ಅಂಗವೈಕಲ್ಯದ ಮಾತುಗಳಲ್ಲಿ ನಿಜಕ್ಕೂ ತೊಡಕಿದೆ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ 7 ಬಗೆ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಯಿತು. 2019ರಲ್ಲಿ ಹೊಸ ಎಂಬಿಬಿಎಸ್ ಪಠ್ಯ ಬಂದಾಗ ಶುರುವಿನ ಫೌಂಡೇಷನ್ ಕೋರ್ಸಿನಲ್ಲಿ ಇದಕ್ಕೆ ಅಂತಲೇ 7 ಗಂಟೆ ಇತ್ತು. 2024ರ ಆಗಸ್ಟ್ ಕೊನೆಯಲ್ಲಿ ವೈದ್ಯಕೀಯ ಆಯೋಗ ಹೊರಡಿಸಿದ ಪಠ್ಯದ ಮಾರ್ಗಸೂಚಿಯಲ್ಲಿ ಅದು ಕಾಣೆಯಾಯಿತು. ಜನ ಗಲಾಟೆ ಮಾಡಿದ ಮೇಲೆ ಸೆಪ್ಟೆಂಬರಿನಲ್ಲಿ ಆ ಮಾರ್ಗಸೂಚಿಯನ್ನೇ ವಾಪಸ್ ಪಡೆದರು. ನಮ್ಮ ಚರ್ಚೆಗೆ ಇದೂ ಒಂದು ಕಾರಣ. ಆದರೆ ಕನ್ನಡದಲ್ಲಿ ಏನನ್ನಬೇಕು? ರಾಜ್ಯದ ಇಲಾಖೆಯ ಹೆಸರಿನಲ್ಲಿ 'ವಿಕಲಚೇತನರ' ಅಂತಿದೆ, ಕೇಂದ್ರದ ಕಡೆಯಿಂದ 'ದಿವ್ಯಾಂಗ' ಬಂತು, 'ವಿಶೇಷಚೇತನ' ಪತ್ರಿಕೆಯವರಿಗೆ ಇಷ್ಟ. ನಮ್ಮಲ್ಲಿಗೆ ಬರಲಿರುವ ಪುನರ್ವಸತಿ ಕಾರ್ಯಕರ್ತರನ್ನೇ ಫೋನಿನಲ್ಲಿ ಕೇಳಿದೆ. ಅವರಿಗೆ ಪೋಲಿಯೋ ಆಗಿತ್ತು. "ಮೇಡಂ, ವಿಕಲ ಆಗಿರೋದು ಎಡಗಾಲು. ಚೇತನಕ್ಕೇನೂ ಆಗಿಲ್ಲ. ದಿವ್ಯ ಅಂತೂ ಅಲ್ವೇ ಅಲ್ಲ. ನೀವು ಹೆಸರು ಹಿಡಿದು ಕರೀರಿ, ಸಾಕು" ಅಂದರು. ಆಮಂತ್ರಣದಲ್ಲಿ ಅವರ ಹೆಸರು, ಹುದ್ದೆ ಅಷ್ಟೇ ಹಾಕಿದ್ದೇನೆ. ಟಿಪ್ಪಣಿಯಲ್ಲಿ 'ಅಂಗವೈಕಲ್ಯ ಇರುವವರು' ಅಂತ ಬರೆದೆ. ಸರಿಯೇ?

ಕ್ಷಯದ ಕಡೆಯಿಂದ ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಮಧ್ಯದಲ್ಲಿ ಮಾತ್ರೆ ನಿಲ್ಲಿಸಿದವರಿಗೆ ಮೊದಲು 'ಡಿಫಾಲ್ಟರ್' ಅನ್ನುತ್ತಿದ್ದೆವು, ಸೊಸೈಟಿ ಸಾಲ ಕಟ್ಟದವರಿಗೆ ಅಂದ ಹಾಗೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ ಕೈಬಿಟ್ಟಿತು. 'ಟಿಬಿ ಸಸ್ಪೆಕ್ಟ್' ಅನ್ನುವುದನ್ನೂ ಬಿಟ್ಟಿತು. ನಾವು ಮಾತ್ರ ಕೋವಿಡ್ ಕಾಲದಲ್ಲೂ 'ಶಂಕಿತರು' ಅಂತ ಪೊಲೀಸ್ ಠಾಣೆಯ ಭಾಷೆ ಆಡಿದೆವು. ಕನ್ನಡದಲ್ಲಿ ಇದಕ್ಕೆ ಹೊಸ ಪದವೇ ಬೇಕಿಲ್ಲ, ಕ್ರಿಯಾಪದ ಬದಲಿಸಿದರೆ ಸಾಕು. 'ಅವಳು ಔಷಧಿ ಬಿಟ್ಟಳು' ಅಂದರೆ ತಪ್ಪು ಅವಳದು. 'ಅವಳಿಗೆ ಔಷಧಿ ತಪ್ಪಿತು' ಅಂದರೆ ಯಾಕೆ ತಪ್ಪಿತು ಅಂತ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಬಸ್ಸಿಲ್ಲವೋ, ಕೂಲಿ ಹೋಗುತ್ತದೋ, ಗಂಡನಿಗೆ ಗೊತ್ತಾಗಬಾರದೋ.

ಆದರೆ ಇದೇ ಉಪಾಯ ಇನ್ನೊಂದು ಕಡೆ ಉಲ್ಟಾ ಹೊಡೆಯಿತು. ಚರ್ಚೆಯ ಶೀರ್ಷಿಕೆಗೆ ನಾಮಪದದ ಸಹವಾಸವೇ ಬೇಡ ಅಂತ 'ನಾವು ಯಾರನ್ನು ಹೊರಗಿಟ್ಟಿದ್ದೇವೆ?' ಅಂತ ಬರೆದೆ. ಮೇಲಿನಿಂದ ತಿದ್ದಿ ಬಂತು: 'ಹೊರಗುಳಿದವರು ಯಾರು?' ಎರಡಕ್ಕೂ ಒಂದೇ ಅರ್ಥ ಅಂತ ಅವರ ವಾದ. ಒಂದೇ ಹೇಗಾಗುತ್ತದೆ? 'ಹೊರಗುಳಿದವರು' ಅಂದರೆ ಬಸ್ಸು ತಪ್ಪಿಸಿಕೊಂಡವರ ಹಾಗೆ, ಯಾರ ಕೈವಾಡವೂ ಇಲ್ಲ. ಗಾಲಿಕುರ್ಚಿ ಹತ್ತದ ಮೆಟ್ಟಿಲು ಕಟ್ಟಿಸಿದವರು ಯಾರೋ ಇದ್ದಾರಲ್ಲ. ರೋಗಿಗೆ 'ಬಾ, ಕೂತ್ಕೋ' ಅನ್ನುವುದನ್ನು ನಮ್ಮ ಹುಡುಗರು ಯಾರಿಂದಲೋ ಕಲಿತಿದ್ದಾರಲ್ಲ. ಹೊರರಾಜ್ಯದ ಮಕ್ಕಳಿಗೆ ಕನ್ನಡ ಕಲಿಸುವಾಗ ಮೊದಲು 'ಬನ್ನಿ, ಕೂತ್ಕೊಳ್ಳಿ' ಕಲಿಸುತ್ತೇವೆ. ಆರು ತಿಂಗಳು ವಾರ್ಡಿನಲ್ಲಿ ನಮ್ಮ ಹಿಂದೆ ಓಡಾಡಿದ ಮೇಲೆ ಅವರೂ 'ಬಾ' ಅನ್ನುತ್ತಾರೆ.

ಈ ತಿದ್ದುಪಡಿಯ ಜಗಳ ನಡೆಯುವಾಗ ಪುತ್ತೂರಿನ ಸಹೋದ್ಯೋಗಿ ಇನ್ನೊಂದು ಹುಳ ಬಿಟ್ಟರು. "ನಿಮ್ಮ ಶೀರ್ಷಿಕೆಯಲ್ಲಿ 'ನಾವು' ಅಂದ್ರೆ ಯಾರು ಮಾರಾಯ್ರೆ? ತುಳುವಿನಲ್ಲಿ ನಮಗೆ ಎರಡುಂಟು. 'ನಮ' ಅಂದ್ರೆ ನೀವೂ ಸೇರಿ, 'ಎಂಕುಲು' ಅಂದ್ರೆ ನಿಮ್ಮನ್ನು ಬಿಟ್ಟು." ತೆಲುಗಿನಲ್ಲೂ ಮನಂ, ಮೇಮು ಅಂತ ಎರಡಿವೆ. ತಮಿಳಿನಲ್ಲೂ ನಾಂ, ನಾಂಗಳ್. ನಾವು ಬರೆಯುವ ಕನ್ನಡದಲ್ಲಿ ಒಂದೇ 'ನಾವು'. ಆ ಮಧ್ಯಾಹ್ನ ಕೋಣೆಯಲ್ಲಿ ಆಶಾ ಕಾರ್ಯಕರ್ತೆಯರೂ ಆ ತಾಯಿಯೂ ಕೂತಿರುತ್ತಾರೆ. 'ನಾವು ಯಾರನ್ನು ಹೊರಗಿಟ್ಟಿದ್ದೇವೆ' ಅಂದರೆ ಹೊರಗಿಟ್ಟವರ ಪಟ್ಟಿಯಲ್ಲಿ ಅವರೂ ಬಂದುಬಿಡುತ್ತಾರೆ. 'ವೈದ್ಯರಾದ ನಾವು' ಅಂದರೆ ಭಾಷಣದ ವಾಸನೆ. 'ನಮ್ಮ ಕಾಲೇಜು ಯಾರನ್ನು ಹೊರಗಿಟ್ಟಿದೆ?' ಅಂದರೆ ಕಟ್ಟಡದ ಮೇಲೆ ತಪ್ಪು ಹಾಕಿ ಮನುಷ್ಯರು ತಪ್ಪಿಸಿಕೊಂಡ ಹಾಗೆ.

ಹಾಗಾಗಿ ಕೇಳುವುದು ಇಷ್ಟು. ನಿಮ್ಮ ಕಡೆಯ ಆಡುಮಾತಿನಲ್ಲಿ ಎರಡು ಬಗೆಯ 'ನಾವು' ಇದ್ದರೆ ವಾಕ್ಯ ಸಮೇತ ಬರೆಯಿರಿ. 'ಇನ್‌ಕ್ಲೂಷನ್'ಗೆ ಯಜಮಾನ ಇಲ್ಲದ ಕ್ರಿಯಾಪದ ಯಾವುದಾದರೂ ಉಂಟೇ? ಪಂಕ್ತಿ ಊಟ, ಸುಗ್ಗಿ, ಜಾತ್ರೆ, ಮುಯ್ಯಾಳು, ಯಾವ ಕಡೆಯಿಂದ ಬಂದರೂ ಸರಿ. 'ದತ್ತು'ವಿಗೆ ಬದಲಿ ಕೊಡುವವರು ಒಂದು ಸಲ ಆ ಅಜ್ಜಿಯ ಮುಂದೆ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿನೋಡಿ ಕಳಿಸಿ.

ಬ್ಯಾನರಿನವನು ಗುರುವಾರ ಸಂಜೆಯವರೆಗೆ ಕಾಯುತ್ತೇನೆ ಅಂದಿದ್ದಾನೆ. ಸದ್ಯಕ್ಕೆ ಅವನ ಹತ್ತಿರ ಇರುವುದು 'ಜನಾರೋಗ್ಯ: ಅಧ್ಯಾಪಕರ ಕಲಿಕೆ' ಅನ್ನುವ ಮೇಲಿನ ಸಾಲು ಮಾತ್ರ. ಕೆಳಗಿನ ಸಾಲಿನ ಜಾಗ ಖಾಲಿ ಬಿಡಿಸಿದ್ದೇನೆ.