ಹಿಟ್ಟಿನ ವ್ಯಾಪಾರ ಏರಿತು, ಖರ್ಚೂ ಬಜೆಟ್ ಮೀರಿತು. ಎಷ್ಟು ಸೋರಿಕೆ?

ಪ್ರಶ್ನೆ
ಇಡ್ಲಿ-ದೋಸೆ ಹಿಟ್ಟಿನ ಘಟಕ, ಅಂಗಡಿಗಳಿಗೆ ಕೆಜಿ ಪ್ಯಾಕೆಟ್. ತಿಂಗಳಿಗೆ 6,000 ಕೆಜಿಗೆ ಬಜೆಟ್ 2,44,000 ರೂಪಾಯಿ. ಏಪ್ರಿಲ್‌ನಲ್ಲಿ 7,500 ಕೆಜಿ ಹೋಯಿತು, ಖರ್ಚು 2,98,000. ಬಾಡಿಗೆ 18,000, ಇಬ್ಬರ ಸಂಬಳ 36,000, ಗ್ರೈಂಡರ್ ಸರ್ವಿಸ್, ಫೋನ್ ಇತ್ಯಾದಿ 6,000. ಕೆಜಿ ಹಿಟ್ಟಿಗೆ ಅಕ್ಕಿ-ಉದ್ದು 24, ಪ್ಯಾಕೆಟ್ 2, ಸಾಗಣೆ 3. ಕರೆಂಟಿಗೆ ಅಂದಾಜು 10,000 ಹಾಕಿದ್ದೆ; 5,000 ಕೆಜಿ ಮಾಡಿದ ತಿಂಗಳು 9,000, 8,000 ಕೆಜಿ ಮಾಡಿದ ತಿಂಗಳು 12,000 ಬಂದಿತ್ತು. 54,000 ಹೆಚ್ಚಾದದ್ದು ಎಲ್ಲಿ?

ಉತ್ತರ 1
ಮೊದಲು ಕರೆಂಟ್ ಒಡೆಯಿರಿ. 3,000 ಕೆಜಿ ಹೆಚ್ಚಿಗೆ 3,000 ರೂಪಾಯಿ, ಅಂದರೆ ಕೆಜಿಗೆ 1. 9,000ದಲ್ಲಿ 5,000 ಕಳೆದರೆ ಉಳಿದ 4,000 ರುಬ್ಬದಿದ್ದರೂ ಬರುವ ಸ್ಥಿರ ಖರ್ಚು. ಈಗ ಸೂತ್ರ: ಸ್ಥಿರ ಖರ್ಚು 64,000 (ಬಾಡಿಗೆ, ಸಂಬಳ, ಇತ್ಯಾದಿ 60,000, ಕರೆಂಟಿನ 4,000) + ಕೆಜಿಗೆ 30 (24, 2, 3, ಕರೆಂಟಿನ 1). 7,500 ಕೆಜಿಗೆ 2,89,000 ಆಗಲೇಬೇಕಿತ್ತು. 54,000ದಲ್ಲಿ 45,000 ಬರೀ ವ್ಯಾಪಾರ ಬೆಳೆದದ್ದು. ಹುಡುಕಬೇಕಾದದ್ದು 9,000 ಮಾತ್ರ.

ಉತ್ತರ 2
ಆ 9,000ವನ್ನು ದರ ಬೇರೆ, ಪ್ರಮಾಣ ಬೇರೆ ಎಂದು ಬಿಡಿಸಿ. 4 ಅಕ್ಕಿಗೆ 1 ಉದ್ದು, ಒಣ ಧಾನ್ಯ ಕೆಜಿಗೆ 2.6 ಕೆಜಿ ಹಿಟ್ಟು ಎಂದಿಟ್ಟರೆ 7,500 ಕೆಜಿಗೆ ಉದ್ದು ಸುಮಾರು 577 ಕೆಜಿ. ಉದ್ದಿನ ದರ 132ರಿಂದ 140 ಆಗಿದ್ದರೆ ಅಲ್ಲೇ 4,600 ಹೋಯಿತು. ಅದು ಮಂಡಿಯ ದರ, ಕೆಲಸದವರ ತಪ್ಪಲ್ಲ. ಮಿಕ್ಕ 4,400 ಎಂದರೆ ಕೆಜಿಗೆ 30ರಂತೆ ಸುಮಾರು 147 ಕೆಜಿ ಹಿಟ್ಟು ಹಾಳಾದಂತೆ. ಏಪ್ರಿಲ್ ಬಿಸಿಲಿಗೆ ಹಿಟ್ಟು ಬೇಗ ಹುಳಿಯೇರಿ, ಪ್ಯಾಕೆಟ್ ಉಬ್ಬಿ ವಾಪಸ್ ಬರುತ್ತದೆ. ವಾಪಸ್ ಪ್ಯಾಕೆಟ್ ಎಣಿಸಿ ಬರೆದಿಡಿ. ಎಣಿಕೆ ಹೊಂದದಿದ್ದರೆ ಉದ್ದು ನೋಡಿ: ಹಳೇ ಉದ್ದು ನೀರು ಕುಡಿಯದು, ಒದಗುವುದಿಲ್ಲ. ಒಂದು ಬ್ಯಾಚ್ ತೂಗಿದರೆ 2.6 ಬರುತ್ತಿದೆಯೋ 2.5ಕ್ಕೆ ಇಳಿದಿದೆಯೋ ಗೊತ್ತಾಗುತ್ತದೆ.

ಉತ್ತರ 3
ಈ ಸೂತ್ರವನ್ನು 5,000ದಿಂದ 8,000 ಕೆಜಿಯೊಳಗೆ ಮಾತ್ರ ನಂಬಿ. ಅದರಾಚೆ ಮೂರನೇ ಕೆಲಸದವರೋ ಇನ್ನೊಂದು ಗ್ರೈಂಡರೋ ಬೇಕಾಗುತ್ತದೆ, ಸ್ಥಿರ ಖರ್ಚು ಒಂದೇ ಏಟಿಗೆ ಮೆಟ್ಟಿಲು ಹತ್ತುತ್ತದೆ. ಮೂರನೇ ಆಳಿಗೆ 18,000 ಕೊಟ್ಟು, ಪ್ಯಾಕೆಟ್ 45ಕ್ಕೆ ಮಾರಿದರೆ ಕೆಜಿಗೆ ಉಳಿಯುವುದು 15. ಆ ಸಂಬಳ ಹುಟ್ಟಲು 1,200 ಕೆಜಿ ಹೆಚ್ಚು ಹೋಗಬೇಕು. 300 ಕೆಜಿ ಹೊಸ ಆರ್ಡರ್‌ಗಾಗಿ ಆಳು ಸೇರಿಸಬೇಡಿ, ಓವರ್‌ಟೈಮ್ ಕೊಡಿ. ಇನ್ನೊಂದು: ತಿಂಗಳ ಸಂಬಳವನ್ನು ಕೆಜಿ ಲೆಕ್ಕಕ್ಕೆ ಸೇರಿಸಲೇಬೇಡಿ. ಮಾರಾಟ 4,500ಕ್ಕೆ ಇಳಿದ ತಿಂಗಳೂ 36,000 ಕೊಡಲೇಬೇಕಲ್ಲ.