ಅಮ್ಮನಿಗೆ ‘ದಿ ಮಿರಾಕಲ್ ಆಫ್ ದ ಬೆಲ್ಸ್’ ತರಿಸಬಹುದಾ? ನೋಡಿದವರು ಹೇಳಿ

ಶಿರ್ವದ ಮಗಳು: ಅಮ್ಮನಿಗೆ ಹಳೇ ಇಂಗ್ಲಿಷ್ ಸಿನಿಮಾ ಅಂದ್ರೆ ಪ್ರಾಣ, ಇಗರ್ಜಿಯಂತೂ ತಪ್ಪಿಸೋದೇ ಇಲ್ಲ. 1948ರ ಈ ಸಿನಿಮಾದ ಬ್ಲೂ-ರೇ ಕ್ರಿಸ್ಮಸ್‌ಗೆ ಅಮೆರಿಕದಿಂದ ತರಿಸೋಣ ಅಂತಿದ್ದೇನೆ. ಅಷ್ಟು ಖರ್ಚು ಮಾಡಬಹುದಾ?

ಹಳೇ ರೀಲು: ನಾನು ತರಿಸಿದೆ. ಡಿಸ್ಕ್‌ಗೆ 24 ಡಾಲರ್, ಸಾಗಣೆಗೆ 19. ಆಮೇಲೆ ಕಸ್ಟಮ್ಸ್, ಅದರ ಮೇಲೆ ಕೊರಿಯರ್‌ನವರ ಹ್ಯಾಂಡ್ಲಿಂಗ್ ಅಂತ 600 ರೂಪಾಯಿ. ಹಾಕಿದರೆ ಓಡಲಿಲ್ಲ. ಬ್ಲೂ-ರೇಗೆ ದೇಶಗಳ ಗುಂಪಿನ ಬೀಗ ಇರುತ್ತೆ: ಡಿಸ್ಕ್ ಅಮೆರಿಕದ ರೀಜನ್ ಎ, ನಮ್ಮ ಪ್ಲೇಯರ್ ಭಾರತದ ರೀಜನ್ ಸಿ. ರೀಜನ್-ಫ್ರೀ ಪ್ಲೇಯರ್‌ಗೆ ಮತ್ತೆ 14,000. ಆದರೂ ಒಂದು ಪೈಸೆ ದಂಡ ಅಂತ ಅನಿಸಿಲ್ಲ. ತೀರಿಹೋದ ನಟಿಯ ಶವವನ್ನು ಅವಳ ಗಣಿ ಊರಿಗೆ ತರುವ ಸಿನಿಮಾ ಪ್ರಚಾರಕ ಡನಿಗನ್, ಅವಳತ್ತ ಜನರ ಗಮನ ಸೆಳೆಯೋಕೆ ಐದು ಚರ್ಚ್‌ಗಳಲ್ಲಿ ಮೂರು ದಿನ ಗಂಟೆ ಹೊಡೆಸ್ತಾನಲ್ಲ, ಆ ಸದ್ದಿಗೆ ಎದೆ ತುಂಬಿ ಬರುತ್ತೆ.

ಪ್ರಚಾರ ಬಿಟ್ಟವನು: ಖಾತೆಯಲ್ಲಿ ಕಾಸಿಲ್ಲದೆ ಚೆಕ್ ಬರೆದು ಹೊಡೆಸಿದ ಗಂಟೆ ಸ್ವಾಮಿ ಅದು! ನಾನು ಅದೇ ಕಸುಬಿನಲ್ಲಿದ್ದವನು. ಒಂದು ಆಸ್ಪತ್ರೆಯವರು ಗುಣವಾದ ಅಜ್ಜಿಯ ಫೋಟೋ ಹೋರ್ಡಿಂಗಿಗೆ ಏರಿಸಿ ಅಂದರು. ಮಗ ಬೇಡ ಬೇಡ ಅಂತ ಕೈಮುಗಿದರೂ ಕೇಳಲಿಲ್ಲ. ಅವತ್ತೇ ರಾಜೀನಾಮೆ ಕೊಟ್ಟೆ. ಮನೆ ಸಾಲದ ಕಂತು 31,500 ಇತ್ತು, ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದೆ. ಸಾವನ್ನು ಪ್ರಚಾರಕ್ಕೆ ಬಳಸೋದನ್ನು ಪುಣ್ಯ ಅಂತ ತೋರಿಸೋ ಈ ಸಿನಿಮಾ ನನಗೆ ಸಹಿಸಕ್ಕಾಗಲ್ಲ. ಇಗರ್ಜಿಯ ಮೂರ್ತಿಗಳು ಅವಳ ಶವಪೆಟ್ಟಿಗೆ ಕಡೆ ತಿರುಗೋದಂತೂ ನಂಬೋ ಮಾತೇ ಅಲ್ಲ.

ಚಾಂಪಿಯನ್ ರೀಫ್: ನಂಬಲ್ಲ ಅನ್ನೋರು ಗಣಿ ಮೇಲೆ ಮನೆ ಮಾಡಿದವರಲ್ಲ. ಕೆಜಿಎಫ್‌ನಲ್ಲಿ ರಾಕ್ ಬರ್ಸ್ಟ್ ಆದರೆ, ಅಂದ್ರೆ ಗಣಿಯೊಳಗೆ ಬಂಡೆ ಸಿಡಿದರೆ, ಅಡುಗೆಮನೆ ಹಲಗೆಯಿಂದ ಪಾತ್ರೆ ಉದುರೋದು, ಗೋಡೆಯ ಮಾತೆ ಮರಿಯಳ ಫೋಟೋ ವಾರೆಯಾಗೋದು. ಸಿನಿಮಾದಲ್ಲೂ ಫಾದರ್ ಪಾಲ್ ಅದನ್ನೇ ಹೇಳ್ತಾರೆ: ಜನರ ಭಾರಕ್ಕೆ ನೆಲ ಸರಿದು ಮೂರ್ತಿ ಇಟ್ಟ ಕಂಬ ತಿರುಗಿದ್ದು ಅಂತ. ಪೂರ್ತಿ ನೋಡಿದ್ದೀರಾ ನೀವು? 2001ರಲ್ಲಿ ಗಣಿ ಮುಚ್ಚಿತು, ಅಪ್ಪನ ಕೆಮ್ಮು ನಿಲ್ಲಲಿಲ್ಲ. ಸಿಲಿಕೋಸಿಸ್, ಅಂದ್ರೆ ಕಲ್ಲಿನ ಧೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆ, ಅಂತ ಬರೆಸಿಕೊಳ್ಳೋಕೆ ಎಕ್ಸ್‌ರೇ, ಸಿಟಿ ಸ್ಕ್ಯಾನ್, ಬೆಂಗಳೂರಿನ ಬಸ್ ಚಾರ್ಜು. ಆಕ್ಸಿಜನ್ ಮೆಷಿನ್‌ಗೆ 42,000, ಕರೆಂಟ್ ಬಿಲ್ ಬೇರೆ. ಕಲ್ಲಿದ್ದಲ ಧೂಳು ಕುಡಿದು ಬೆಳೆದ ಆ ನಟಿ ಓಲ್ಗಾ ಕೆಮ್ಮೋ ಕಡೆ ಅಪ್ಪ ಟಿವಿ ಆರಿಸು ಅಂದರು. ಕೊನೆಗೆ ಆ ಊರಿಗೆ ಆಸ್ಪತ್ರೆ ಬರುತ್ತೆ ಅಂತ ನಾನೇ ಕಥೆ ಹೇಳಿ ಮುಗಿಸಿದೆ. ಅದನ್ನು ಪ್ರಚಾರ ಅಂತೀರಾ?

ಮ್ಯಾಟಿನಿ ಮೇಡಂ: ಜಗಳ ಬಿಡ್ರಿ. ಫಾದರ್ ಪಾಲ್ ಪಾತ್ರಕ್ಕೆ ಗಾಯಕ ಫ್ರಾಂಕ್ ಸಿನಾತ್ರಾ ಒಗ್ಗೋದೇ ಇಲ್ಲ. 1944ರ ‘ಗೋಯಿಂಗ್ ಮೈ ವೇ’ಯಲ್ಲಿ ಪಾದ್ರಿಯಾದ ಬಿಂಗ್ ಕ್ರಾಸ್ಬಿಯನ್ನು ನೋಡಿ, ಆ ಸಿನಿಮಾಗೆ ಏಳು ಆಸ್ಕರ್ ಬಂತು. ನಮ್ಮತ್ತೆಗೆ ಅದನ್ನೇ ತೋರಿಸಿದ್ದು, ಅವರು ಈಗಲೂ ನೆನೆಸ್ಕೊಳ್ತಾರೆ.

ಹಳೇ ರೀಲು: ಮೇಡಂ, ಆಸ್ಕರ್ ಎಣಿಸಿ ಸಿನಿಮಾ ನೋಡೋದಾ? ಸಿನಾತ್ರಾ ಇದರಲ್ಲಿ ಒಂದೇ ಹಾಡು ಹಾಡಿ, ಉಳಿದದ್ದಷ್ಟೂ ತಗ್ಗಿದ ದನಿಯಲ್ಲೇ ಆಡ್ತಾನೆ. ಬಡ ಇಗರ್ಜಿಯ ಪಾದ್ರಿ ಇರೋದೇ ಹಾಗೆ.

ಮ್ಯಾಟಿನಿ ಮೇಡಂ: ತಗ್ಗಿದ ದನಿಯಲ್ಲ ರೀ, ಅದು ಜೀವವಿಲ್ಲದ ದನಿ. ಓಲ್ಗಾ ಆಗಿರೋ ಆಲಿಡಾ ವಾಲ್ಲಿ ಒಬ್ಬಳೇ ಸಿನಿಮಾ ಹೊತ್ತಿದ್ದಾಳೆ.

ಪ್ರಚಾರ ಬಿಟ್ಟವನು: ರೀಫ್ ಅವರೇ, ಪೂರ್ತಿ ನೋಡಿದ್ದೇನೆ. ನಿಮ್ಮ ಅಪ್ಪನವರ ಬಗ್ಗೆ ನಾನು ಒಂದಕ್ಷರ ಆಡಿಲ್ಲ. ಮೂರ್ತಿ ತಿರುಗಿದ ಕಾರಣ ತಿಳಿದ ಮೇಲೆ ಜನರಿಗೆ ಹೇಳಬೇಡಿ ಅಂತ ಡನಿಗನ್ ಪಾದ್ರಿಯನ್ನು ಅಂಗಲಾಚ್ತಾನಲ್ಲ, ಅದು ಸರಿಯಾ? ಅಷ್ಟಕ್ಕೆ ಉತ್ತರ ಕೊಡಿ.

ಚಾಂಪಿಯನ್ ರೀಫ್: ಸರಿ. ಕೆಮ್ಮೋರ ಮನೆಯಲ್ಲಿ ಕೂತು ನೋಡಿದ ನನಗೆ ಅದು ಸರಿಯೇ.