ಗೋಡೆ ಲಿಂಟಲ್‌ವರೆಗೆ ಬಂದು ಕೆಲಸ ನಿಂತಿದೆ, ಕಾಯೋದಾ, ಕಾಂಟ್ರಾಕ್ಟರನ್ನು ಬಿಡಿಸೋದಾ?

ಪ್ರಶ್ನೆ, ತುಮಕೂರಿನಿಂದ:

30-40 ಅಡಿ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ, ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್ ಕೊಟ್ಟಿದ್ದೇವೆ. ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ) ಆದ ಮೇಲೆ ಕೆಲಸ ನಿಂತುಬಿಟ್ಟಿದೆ. ಮೋಲ್ಡ್‌ಗೆ, ಅಂದರೆ ಮೇಲಿನ ಕಾಂಕ್ರೀಟ್ ಸ್ಲ್ಯಾಬಿಗೆ, ಕಂಬಿ ತರಬೇಕು ಅಂತ ಕಾಂಟ್ರಾಕ್ಟರ್ ಮುಂಚೆಯೇ ದುಡ್ಡು ತೆಗೆದುಕೊಂಡಿದ್ದಾರೆ. ಕೇಳಿದರೆ ಹುಡುಗರು ಊರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ ಅನ್ನುತ್ತಾರೆ. ಯಾವ ಸೋಮವಾರ ಅಂತ ಮಾತ್ರ ಹೇಳುವುದಿಲ್ಲ. ಇತ್ತ ಬಾಡಿಗೆ, ಅತ್ತ ಲೋನಿನ ಬಡ್ಡಿ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ಫೋನ್ ಮಾಡುವುದನ್ನು ನಿಲ್ಲಿಸಿ, ಸೈಟಿಗೆ ಹೋಗಿ ನೋಡಿ. ಸೆಂಟ್ರಿಂಗ್ ಶೀಟು, ಜಾಕಿ (ಹಸಿ ಕಾಂಕ್ರೀಟನ್ನು ಕೆಳಗಿನಿಂದ ಹೊರುವ ತಗಡು, ಕಂಬ), ಮಿಕ್ಸರ್ ಅಲ್ಲೇ ಇದ್ದರೆ ಅವರು ವಾಪಸ್ ಬರುತ್ತಾರೆ, ದಿನದ ಬಾಡಿಗೆ ಬೀಳುವ ಸಾಮಾನನ್ನು ಯಾರೂ ಸುಮ್ನೆ ಬಿಟ್ಟು ಹೋಗುವುದಿಲ್ಲ. ಸಲಿಕೆ, ಬಾಂಡ್ಲಿ ಸಮೇತ ಎತ್ತಿಕೊಂಡು ಹೋಗಿದ್ದಾರಾ? ಹಾಗಾದರೆ ನಿಮ್ಮ ಕಂಬಿ ಬಹುಶಃ ಇನ್ಯಾರದೋ ಮನೆಯ ಮೋಲ್ಡ್‌ನಲ್ಲಿದೆ.

ಅವರು ಮೋಸಗಾರರು ಅಂತಲ್ಲ. ಮೂರು ನಾಲ್ಕು ಸೈಟು ಒಟ್ಟಿಗೆ ಹಿಡಿದಿರುತ್ತಾರೆ, ಇಲ್ಲಿಯ ಅಡ್ವಾನ್ಸ್‌ನಲ್ಲಿ ಅಲ್ಲಿಯ ಸಿಮೆಂಟು, ಅಲ್ಲಿಯದರಲ್ಲಿ ಇಲ್ಲಿಯ ಬಟವಾಡೆ. ಹುಡುಗರನ್ನು ಕಳಿಸುವಾಗ ಯಾವ ಮನೆಯಿಂದ ದುಡ್ಡು ಬರಬೇಕಿದೆಯೋ ಆ ಮನೆಗೆ ಮೊದಲು ಕಳಿಸುತ್ತಾರೆ, ಪೂರ್ತಿ ಕೊಟ್ಟು ಕೂತವರ ಸರದಿ ಕಡೆಗೆ. ಇದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಪ್ಲಾಸ್ಟರಿಂಗ್‌ನಿಂದ ಮುಂದಕ್ಕೆ ಸಿಮೆಂಟು, ಟೈಲ್ಸು ಎಲ್ಲದಕ್ಕೂ ಅಂಗಡಿಗೇ ದುಡ್ಡು ಕಟ್ಟಿದೆ, ಬಿಲ್ಲು ನನ್ನ ಹೆಸರಿಗೆ, ಲೋಡು ನನ್ನ ಸೈಟಿಗೆ. ಕೂಲಿಯನ್ನು ಶನಿವಾರ ಆ ವಾರದ ಕೆಲಸ ನೋಡಿ ಕೊಟ್ಟೆ. ಕಾಂಟ್ರಾಕ್ಟರ್ ಸ್ವಲ್ಪ ಮುಖ ಗಂಟು ಹಾಕಿಕೊಂಡರು, ಆದರೆ ಹುಡುಗರು ಬಂದರು.

ನೀವು ಈಗ ಮಾಡಬೇಕಾದ್ದು ಲೆಕ್ಕ. ಅವರ ಪರಿಚಯ ಇಲ್ಲದ ಒಬ್ಬ ಸಿವಿಲ್ ಇಂಜಿನಿಯರ್‌ಗೆ ಫೀಸು ಕೊಟ್ಟು ಆಗಿರುವ ಕೆಲಸ ಅಳೆಸಿ ಬೆಲೆ ಹಾಕಿಸಿ, ಪಕ್ಕದಲ್ಲಿ ಕೊಟ್ಟ ದುಡ್ಡು ಬರೆಯಿರಿ. ವ್ಯತ್ಯಾಸ ಸಣ್ಣದಿದ್ದರೆ ಬಿಡಿಸಬೇಡಿ ಅಂತಲೇ ನನ್ನ ಅಭಿಪ್ರಾಯ. ಅರ್ಧ ಕೆಲಸ ಹಿಡಿಯುವ ಹೊಸಬರು ಚದರಕ್ಕೆ ಜಾಸ್ತಿ ಕೇಳುತ್ತಾರೆ, ಆಮೇಲೆ ಎಲ್ಲಿ ಬಿರುಕು ಬಿಟ್ಟರೂ "ಅದು ಹಿಂದಿನವರದ್ದು ಸಾರ್" ಅಂದರೆ ಮುಗಿಯಿತು. ಅದೇ ಕಾಂಟ್ರಾಕ್ಟರ್ ಜೊತೆ ಕೂತು, ಬಾಕಿ ದುಡ್ಡನ್ನು ಸಣ್ಣ ಸಣ್ಣ ಕಂತು ಮಾಡಿ. ಸೆಂಟ್ರಿಂಗ್ ಮುಗಿದರೆ ಇಷ್ಟು, ಕಂಬಿ ಕಟ್ಟಿ ಇಂಜಿನಿಯರ್ ನೋಡಿದರೆ ಇಷ್ಟು, ಮೋಲ್ಡ್ ಹಾಕಿದ ಮಾರನೇ ದಿನ ಇಷ್ಟು.

ಇನ್ನೊಂದು ವಿಷಯ. ತಡ ಆಗಿದೆ ಅಂತ ಮೋಲ್ಡ್ ಆದ ಮೇಲೆ ಅವಸರ ಮಾಡಬೇಡಿ, ಕಳೆದುಕೊಂಡ ದಿನಗಳನ್ನು ಕಾಂಟ್ರಾಕ್ಟರ್ ವಾಪಸ್ ಪಡೆಯಲು ನೋಡುವುದು ಅಲ್ಲೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಜಾಕಿ ಇರಬೇಕು. 6 ಮೀಟರ್ ದಾಟಿದ ಬೀಮಿಗೆ 21. ಈಗ ಬಹುತೇಕ ಎಲ್ಲರೂ ಹಾಕುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟು ನಿಧಾನವಾಗಿ ಗಟ್ಟಿಯಾಗುತ್ತದೆ, ಹಾಗಾಗಿ ಇನ್ನೂ ಕೆಲವು ದಿನ ಬಿಟ್ಟರೆ ಒಳ್ಳೆಯದೇ. ಮೇಲೆ ಬದು ಕಟ್ಟಿ ನೀರು ನಿಲ್ಲಿಸುವ ಆ ದಿನಗಳನ್ನು ತಡ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಹೊಸನಗರದಿಂದ:

ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಪಾಯ, ಮೇ ಮುಗಿಯುವುದರೊಳಗೆ ಮೇಲೆ ಮುಚ್ಚಬೇಕು. ತಪ್ಪಿದರೆ ಮತ್ತೆ ಮಳೆಗಾಲ ಪೂರ್ತಿ ಟಾರ್ಪಾಲ್. ನಡುವೆ ಅಡಿಕೆ ಕೊಯ್ಲು ಶುರುವಾದರೆ ಆಳು ಸಿಗುವುದೇ ಕಷ್ಟ, ಎಷ್ಟು ಕೂಗಾಡಿದರೂ ಅಷ್ಟೇ. ಅದಕ್ಕೆ ನಿಂತ ಕೆಲಸವನ್ನು ಕಾಪಾಡುವುದು ನಮಗೆ ಅಭ್ಯಾಸ ಆಗಿದೆ. ಹೊರಗೆ ಚಾಚಿಕೊಂಡಿರುವ ಕಾಲಮ್ ಕಂಬಿಗೆ ಸಿಮೆಂಟ್ ಹಾಲು ಬಳಿಯಿರಿ. ಗೋಡೆಯ ತಲೆಗೆ ಪ್ಲಾಸ್ಟಿಕ್ ಹೊದಿಸಿ. ಉಳಿದ ಸಿಮೆಂಟ್ ಮೂಟೆ ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆ ಮೇಲೆ ಇಡಿ. ಮೂರು ತಿಂಗಳು ದಾಟಿದ, ಗಂಟು ಕಟ್ಟಿದ ಮೂಟೆಯನ್ನು ಮೋಲ್ಡ್‌ಗೆ ಮಾತ್ರ ಹಾಕಲು ಬಿಡಬೇಡಿ, "ಜರಡಿ ಹಿಡಿದರೆ ಆಯ್ತು" ಅನ್ನುವವರು ಇರುತ್ತಾರೆ.

ಬೆಂಗಳೂರಿನಿಂದ:

ದುಡ್ಡಿನ ಕಡೆ ಹೇಳುತ್ತೇನೆ, ನಮ್ಮ ಮನೆಯಲ್ಲಿ ಲೋನು ನೋಡಿಕೊಂಡಿದ್ದು ನಾನೇ. ಬ್ಯಾಂಕು ಹಂತ ಹಂತವಾಗಿ ದುಡ್ಡು ಬಿಡುತ್ತದೆ ಅಲ್ವಾ, ಅದನ್ನೇ ನೆಪ ಮಾಡಿಕೊಳ್ಳಿ. "ಬ್ಯಾಂಕಿನವರು ಬಂದು ನೋಡುವವರೆಗೆ ನನ್ನ ಕೈಯಲ್ಲಿ ಏನೂ ಇಲ್ಲಣ್ಣ" ಅಂದರೆ ಜಗಳವೂ ಇಲ್ಲ, ಅಡ್ವಾನ್ಸೂ ಇಲ್ಲ. ಕೆಲಸ ನಿಂತಿರುವಾಗ ಮುಂದಿನ ಕಂತು ಬಿಡಿಸಿಕೊಳ್ಳಬೇಡಿ, ತೆಗೆದುಕೊಂಡಷ್ಟಕ್ಕೇ ಬಡ್ಡಿ. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಇದನ್ನೂ ನೋಡಿಕೊಳ್ಳಿ: ಸಾಲ ಪಡೆದ ಹಣಕಾಸು ವರ್ಷ ಮುಗಿದು 5 ವರ್ಷದೊಳಗೆ ಮನೆ ಪೂರ್ತಿ ಆಗದಿದ್ದರೆ, ಸ್ವಂತ ವಾಸದ ಮನೆಯ ಬಡ್ಡಿಗೆ ಸಿಗುವ ವರ್ಷಕ್ಕೆ 2 ಲಕ್ಷದವರೆಗಿನ ವಿನಾಯಿತಿ 30,000ಕ್ಕೆ ಇಳಿಯುತ್ತದೆ.

ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗಿ ಅಂತ ಯಾರಾದರೂ ಹೇಳಬಹುದು. ಅದು ಬಿಲ್ಡರ್‌ಗಳ ಲೇಔಟು, ಅಪಾರ್ಟ್‌ಮೆಂಟಿಗೆ, ನಮ್ಮ ಸೈಟಿನಲ್ಲಿ ನಾವೇ ಕಟ್ಟಿಸುವ ಮನೆಗಲ್ಲ. ನಮ್ಮಂಥವರಿಗೆ ಇರುವುದು ಜಿಲ್ಲಾ ಗ್ರಾಹಕರ ಆಯೋಗ, ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಅಲ್ಲಿಯೇ ದೂರು, ತಕರಾರು ಹುಟ್ಟಿದ 2 ವರ್ಷದೊಳಗೆ. ನೋಟಿಸ್ ಕೊಟ್ಟ ಮೇಲೆ ಅವರೇ ಬಂದು ನಗುನಗುತ್ತಾ ಮೋಲ್ಡ್ ಹಾಕುತ್ತಾರೆ ಅಂದುಕೊಳ್ಳಬೇಡಿ. ಅದು ದುಡ್ಡು ವಾಪಸ್ ಪಡೆಯುವ ದಾರಿ, ಮನೆ ಮುಗಿಸುವ ದಾರಿಯಲ್ಲ. ಏನೇ ಆಗಲಿ, ಫೋನಿನಲ್ಲಿ ಆದ ಮಾತನ್ನೆಲ್ಲ ಅವತ್ತೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ.

ಹುಬ್ಬಳ್ಳಿಯಿಂದ:

ಮೈಸೂರಿನವರ ಮಾತಿಗೆ ನನ್ನದು ಸ್ವಲ್ಪ ಬೇರೆ. ಫೋನು ಎತ್ತುವವರನ್ನು ಇಟ್ಟುಕೊಳ್ಳಿ, ಎತ್ತದವರನ್ನು ಬಿಡಿಸಿ. ನಾವು ಬಿಡಿಸಿದೆವು. ಆದರೆ ಬಿಡಿಸುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದು, ಇಬ್ಬರೂ ಕೂತು ಲೆಕ್ಕ ಬರೆದು, "ಇಲ್ಲಿಗೆ ಮುಗಿಯಿತು, ಬಾಕಿ ಇಷ್ಟು" ಅಂತ ಸಹಿ ಹಾಕಿಸಿಕೊಂಡೆವು. ಉಳಿದ ಕೆಲಸ ಒಬ್ಬ ಗವಂಡಿಗೆ ಬರೀ ಕೂಲಿ ಲೆಕ್ಕದಲ್ಲಿ ಕೊಟ್ಟೆವು. ಓಡಾಟ ಜಾಸ್ತಿ ಆಯಿತು, ನನ್ನ ತಮ್ಮ ಆಫೀಸು ಬಿಟ್ಟು ಸೈಟಿನಲ್ಲೇ ಇರುತ್ತಿದ್ದ ಅನ್ನಿ. ಹಾಗೆ ನಿಲ್ಲುವವರು ನಿಮ್ಮಲ್ಲಿ ಯಾರೂ ಇಲ್ಲದಿದ್ದರೆ ಈ ದಾರಿ ಬೇಡ.

ಈಗ ಖಾಲಿ ಇರುವ ದಿನಗಳಲ್ಲಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಲೈಟು, ಫ್ಯಾನು ಎಲ್ಲೆಲ್ಲಿ ಅಂತ ಗುರುತು ಹಾಕಿಸಿ. ಕಾಂಕ್ರೀಟ್ ಬೀಳುವ ಮುಂಚೆ ಪೈಪು, ಫ್ಯಾನ್ ಬಾಕ್ಸ್ ಕೂರಬೇಕು. ಕಂಬಿ ಕಟ್ಟಿ ಮುಗಿದು, ಮಿಕ್ಸರ್ ಬಂದು ನಿಂತು, ಎಲೆಕ್ಟ್ರಿಷಿಯನ್ ಒಬ್ಬನೇ ಬಾರದೆ ಮೋಲ್ಡ್ ಮುಂದಕ್ಕೆ ಹೋದ ಮನೆ ನಮ್ಮ ಓಣಿಯಲ್ಲೇ ಇದೆ. ಕಿಟಕಿ ಗ್ರಿಲ್ಲಿನ ಅಳತೆಯನ್ನೂ ಈಗಲೇ ಕೊಡಬಹುದು.

ಬೆಂಗಳೂರಿನಿಂದ, ಮತ್ತೆ:

ಕರೆಂಟಿನ ವಿಷಯ ಮರೆತೆ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ (ಕಟ್ಟಿದ ಮನೆಯಲ್ಲಿ ವಾಸ ಮಾಡಬಹುದು ಅಂತ ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಇಲ್ಲದ ಮನೆಗಳಿಗೆ ಕಾಯಂ ಕನೆಕ್ಷನ್ ಸಿಗದೆ ತುಂಬಾ ಜನ ಒದ್ದಾಡಿದರು. ನಿಮ್ಮ ಸೈಟಿಗೆ ಈಗ ಏನು ನಿಯಮ ಅಂತ ಬೆಸ್ಕಾಂ ಕಚೇರಿಗೇ ಹೋಗಿ ಕೇಳಿ, ಪ್ಲಾನ್ ಮಂಜೂರಾತಿ ಪ್ರತಿ ಜೊತೆಗಿರಲಿ. ಗೃಹಪ್ರವೇಶದ ಕಾರ್ಡು ಅದಾದ ಮೇಲೆ ಪ್ರಿಂಟ್ ಮಾಡಿಸಿ.